ಅಪ್ಪ, ಕಾಫಿ ಮತ್ತು ಹಣದುಬ್ಬರ

ಅಮ್ಮ ತೀರಿಕೊಂಡ ಮರುವರ್ಷ ಅಪ್ಪ ಮೈಸೂರಿನ ಬಾಡಿಗೆ ಮನೆಯನ್ನು ಖಾಲಿ ಮಾಡಿ ಮುಂಬಯಿಯ ಮಲಾಡಿನ ನಮ್ಮ ಫ್ಲ್ಯಾಟಿಗೆ ಬಂದರು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಕಣ್ಣು, ಕಿವಿ, ಮೊಣಕಾಲು ಎಲ್ಲ ನೆಟ್ಟಗಿದ್ದವು. ಇಲ್ಲದಿದ್ದದ್ದು ಮಾತಾಡುವ ಜನ. ನಾನು ಬೆಳಿಗ್ಗೆ ದಾದರಿನ ಆಫೀಸಿಗೆ ಹೊರಟರೆ ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು. ನನ್ನ ಗಂಡನದೂ ಅದೇ ಕಥೆ. ಮಗಳು ಆಗ ಕಾಮರ್ಸ್ ಓದುತ್ತಿದ್ದಳು. ಕಾಲೇಜು, ಕ್ಲಾಸು, ಗೆಳತಿಯರು ಎಂದು ಅವಳ ಓಡಾಟ ಬೇರೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆಡುವಾಗ ಮಾತ್ರ ಒಂದು ಕಾಲು ಕನ್ನಡದಲ್ಲಿ, ಇನ್ನೊಂದು ಹಿಂದಿಯಲ್ಲಿ. ಅಪ್ಪನಿಗೆ ಹಿಂದಿ ಬಾರದು, ಮರಾಠಿಯಂತೂ ಹೊಸದೇ.

ಮೊದಲ ಕೆಲವು ತಿಂಗಳು ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಎದುರಿನ ಬಿಲ್ಡಿಂಗಿನಲ್ಲಿ ಯಾರು ಎಷ್ಟು ಹೊತ್ತಿಗೆ ಬಟ್ಟೆ ಒಣಹಾಕುತ್ತಾರೆ ಎಂಬುದೆಲ್ಲ ಅವರಿಗೆ ತಿಳಿದಿತ್ತು. ನಾನು ಸಂಜೆ ಬಂದಾಗ ಅದನ್ನೇ ಹೇಳುತ್ತಿದ್ದರು. ಆಮೇಲೆ ಒಂದು ದಿನ ನಾನು ಚಪ್ಪಲಿ ಬಿಡುವ ಮೊದಲೇ, ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಒಂದು ಹೋಟೆಲಿದೆ, ಮಾಲೀಕರು ಕನ್ನಡದವರು, ಕಾಫಿ ಪರವಾಗಿಲ್ಲ ಎಂದರು. ಅಪ್ಪನ ಬಾಯಲ್ಲಿ 'ಪರವಾಗಿಲ್ಲ' ಎಂದರೆ ತುಂಬಾ ಚೆನ್ನಾಗಿದೆ ಎಂದೇ ಅರ್ಥ.

ಆ ಹೋಟೆಲಿನ ಮುಂದೆ ನಾನು ವರ್ಷಗಟ್ಟಲೆ ಲೋಕಲ್ ಹಿಡಿಯಲು ಓಡಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಹತ್ತು ಟೇಬಲ್ಲಿನ ಹಳೆಯ ಜಾಗ. ಮಾಲೀಕರು ಉಡುಪಿ ಕಡೆಯವರು, ಹುಡುಗನಾಗಿದ್ದಾಗ ಮುಂಬಯಿಗೆ ಬಂದು ದಾದರಿನಲ್ಲಿ ಯಾರದೋ ಹೋಟೆಲಿನಲ್ಲಿ ದುಡಿದು ಆಮೇಲೆ ಇಲ್ಲಿ ಸ್ವಂತದ್ದು ಮಾಡಿಕೊಂಡವರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಎಲ್ಲರನ್ನೂ ಮಾತಾಡಿಸುತ್ತಿದ್ದರು. ಅಪ್ಪ ಮೇಷ್ಟರು ಎಂದು ತಿಳಿದದ್ದೇ 'ಮಾಸ್ಟ್ರೇ' ಎಂದು ಕರೆಯಲು ಶುರುಮಾಡಿದರು. ಅಪ್ಪ ಅವರನ್ನು 'ಸ್ವಾಮಿ' ಎನ್ನುತ್ತಿದ್ದರು.

ಅಲ್ಲಿಯೇ ಅಪ್ಪನಿಗೆ ಒಬ್ಬ ಗೆಳೆಯರೂ ಸಿಕ್ಕಿದರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಮರಾಠಿಗರು, ಹತ್ತಿರದ ಚಾಳಿನಲ್ಲಿ, ಅಂದರೆ ನಮ್ಮ ವಠಾರದಂಥ ಕಡೆ, ಒಬ್ಬರೇ ಇದ್ದರು. ಬೇರೆ ಟೇಬಲ್ಲು ಖಾಲಿಯಿಲ್ಲದ ಒಂದು ಬೆಳಿಗ್ಗೆ ಅಪ್ಪನೆದುರು ಬಂದು ಕೂತವರು ಮರುದಿನವೂ ಅಲ್ಲಿಗೇ ಬಂದರಂತೆ. ಇಬ್ಬರಿಗೂ ಹೊಂದುವ ಭಾಷೆ ಇರಲಿಲ್ಲ. ಅವರು ಮರಾಠಿಗೆ ಒಂದಿಷ್ಟು ಹಿಂದಿ ಬೆರೆಸುತ್ತಿದ್ದರು, ಅಪ್ಪ ಕನ್ನಡಕ್ಕೆ ಒಂದಿಷ್ಟು ಸಂಸ್ಕೃತ. ಅರ್ಥವಾಗದಿದ್ದಲ್ಲಿ ಗಲ್ಲಾದಿಂದ ಮಾಲೀಕರು ಸಹಾಯಕ್ಕೆ ಬರುತ್ತಿದ್ದರು. ಗಾರ್ಡ್ ಅಪ್ಪನನ್ನು ಗುರುಜಿ ಎನ್ನುತ್ತಿದ್ದರು. ದಿನಾ ಒಂಬತ್ತೂವರೆಗೆ ಹೋದರೆ ಹನ್ನೊಂದರವರೆಗೆ ಕೂರುತ್ತಿದ್ದರಂತೆ. ಅಪ್ಪ ಬಾಲ್ಕನಿಯ ಸಮಾಚಾರ ಹೇಳುವುದನ್ನು ನಿಲ್ಲಿಸಿದರು. ಬದಲಿಗೆ ಮರಾಠಿಯ ಯಾವ ಪದ ಕನ್ನಡದಿಂದ ಹೋದದ್ದು, ಕನ್ನಡದ ಯಾವುದು ಅಲ್ಲಿಂದ ಬಂದದ್ದು ಎಂದು ಊಟದ ಹೊತ್ತಿಗೆ ವರದಿ ಕೊಡುತ್ತಿದ್ದರು. ಮುಂಬಯಿ ಅವರಿಗೆ ಒಗ್ಗಿತು ಎಂದು ನಾನು ನಿರಾಳವಾದೆ.

ಒಂದೂವರೆ ವರ್ಷ ಹೀಗೆ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೋಗುತ್ತಿದ್ದಾಗ ಮಾಲೀಕರು ಗಲ್ಲಾದಿಂದ ಎದ್ದು ಬಂದು ನನ್ನನ್ನು ನಿಲ್ಲಿಸಿದರು.

"ಮಾಸ್ಟ್ರು ಊರಿಗೆ ಹೋಗಿದ್ದಾರಾ ಅಕ್ಕ? ಸುಮಾರು ದಿನ ಆಯ್ತು, ಕಾಣುದೇ ಇಲ್ಲ."

ಇಲ್ಲ, ಮನೆಯಲ್ಲೇ ಇದ್ದಾರೆ ಎಂದೆ. ಅವರು ಮುಖವನ್ನು ಒಂದು ಥರ ಮಾಡಿಕೊಂಡು, ಆರೋಗ್ಯ ಅಲ್ವಾ, ಸಾಕು ಎಂದು ಒಳಗೆ ಹೋದರು. ನಾನು ಅಂದಿನ ಲೋಕಲ್ಲಿನಲ್ಲಿ ನಿಂತುಕೊಂಡೇ ಯೋಚಿಸಿದೆ. ಹೌದು, ಊಟದ ಹೊತ್ತಿನ ವರದಿಗಳು ನಿಂತು ಎರಡು ವಾರಕ್ಕೂ ಹೆಚ್ಚಾಗಿತ್ತು. ಆಫೀಸಿನಲ್ಲಿ ಆಡಿಟ್ ನಡೆಯುತ್ತಿದ್ದುದರಿಂದ ನನ್ನ ಗಮನಕ್ಕೆ ಬಂದಿರಲಿಲ್ಲ.

ಸಂಜೆ ಕೇಳಿದರೆ ಅಪ್ಪ ಮೊಣಕಾಲು ಹಿಡಿದಿದೆ ಎಂದರು. ಆದರೆ ಅದೇ ಸಂಜೆ ಕೆಳಗೆ ಹೋಗಿ ಹಾಲು ತಂದು, ಲಿಫ್ಟ್ ಕೆಟ್ಟಿದೆಯೆಂದು ಮೆಟ್ಟಿಲು ಹತ್ತಿಯೇ ಬಂದಿದ್ದರು. ನಾನು ಹೆಚ್ಚು ಕೆದಕಲಿಲ್ಲ. ಅಪ್ಪನನ್ನು ಕೆದಕಿದರೆ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಸುಮ್ಮನಿದ್ದರೆ ತಾನಾಗಿಯೇ ತೆರೆಯುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು.

ಅದು ತೆರೆದದ್ದು ಆ ಭಾನುವಾರ, ಒಂದು ಪದದಿಂದ.

ಮಧ್ಯಾಹ್ನದ ಊಟ ಮುಗಿದಿತ್ತು. ಟಿವಿಯಲ್ಲಿ ಕನ್ನಡ ವಾರ್ತೆ ಬರುತ್ತಿತ್ತು. ವಾರ್ತೆ ಓದುವವಳು ಹಣದುಬ್ಬರ ಇಳಿಮುಖವಾಗಿದೆ ಎಂದದ್ದೇ ತಡ, ಅಪ್ಪ ರಿಮೋಟು ಒತ್ತಿ ಟಿವಿ ಆರಿಸಿಬಿಟ್ಟರು. ಮಗಳು ಫೋನಿನಿಂದ ತಲೆಯೆತ್ತಿದಳು.

"ತಾತ, ಆ ವರ್ಡ್ ಏನದು? ಹಣದುಬ್ಬ... ಕ್ಯಾ?"

ಯಾರಾದರೂ ಪದದ ಅರ್ಥ ಕೇಳಿದರೆ ಅಪ್ಪನಿಗೆ ಸುಮ್ಮನಿರಲು ಆಗುವುದಿಲ್ಲ. ಹಣದ, ಉಬ್ಬರ, ಎರಡು ಸೇರಿ ಹಣದುಬ್ಬರ, ನಡುವೆ ಒಂದು ಅಕಾರ ಲೋಪವಾಯಿತು, ಲೋಪಸಂಧಿ ಎಂದು ವಿವರಿಸಿದರು. ಉಬ್ಬರ ಎಂದರೆ ಉಬ್ಬುವುದು. ಅಜೀರ್ಣವಾದರೆ ಹೊಟ್ಟೆ ಉಬ್ಬರ ಎನ್ನುತ್ತೇವಲ್ಲ, ಅದೇ. ಮಗಳು ನಕ್ಕಳು. ಓ, ಇನ್‌ಫ್ಲೇಶನ್, ಅದು ನಮ್ಮ ಎಕನಾಮಿಕ್ಸಿನಲ್ಲಿದೆ ಎಂದು ಕಾಲು ಮಡಚಿ ಕೂತು ಅವಳೇ ಪಾಠ ಶುರುಮಾಡಿದಳು. ಮಾರ್ಕೆಟ್ಟಿನಲ್ಲಿ ಸಾಮಾನು ಇದ್ದಷ್ಟೇ ಇರುತ್ತದೆ, ಜನರ ಕೈಯಲ್ಲಿ ಹಣ ಜಾಸ್ತಿಯಾಗುತ್ತದೆ, ಆಗ ರೇಟು ಮೇಲೆ ಹೋಗುತ್ತದೆ. ಇಳಿಮುಖ ಎಂದರೂ ರೇಟು ಕೆಳಗೆ ಬರುವುದಿಲ್ಲ, ಏರುವ ಸ್ಪೀಡು ಮಾತ್ರ ಕಮ್ಮಿ.

ಅಪ್ಪ ಗಮನವಿಟ್ಟು ಕೇಳಿದರು. ಪಾಠ ಕೇಳುವಾಗ ಅವರು ಒಳ್ಳೆಯ ವಿದ್ಯಾರ್ಥಿ.

"ಹಣ ಜಾಸ್ತಿ ಆಗುತ್ತೆ ಅಂದೆಯಲ್ಲ ಮಗೂ, ಯಾರ ಹತ್ರ ಆಗುತ್ತೆ?"

"ಎಲ್ಲರ ಹತ್ರ ತಾತ. ಮತ್ಲಬ್, ಎಕಾನಮಿಯಲ್ಲಿ. ನೋಟು ಜಾಸ್ತಿ, ಲೇಕಿನ್ ಅದರ ವ್ಯಾಲ್ಯೂ ಕಮ್ಮಿ."

ಅಪ್ಪ ಕೈಯಲ್ಲಿದ್ದ ರಿಮೋಟನ್ನು ಪಕ್ಕಕ್ಕಿಟ್ಟರು. ಆಮೇಲೆ, "ಹಾಗಾದ್ರೆ ಹೆಸರು ತಪ್ಪಾಗಿದೆ. ನನ್ನ ಹಣ ಉಬ್ಬಲಿಲ್ಲ, ಬತ್ತಿತು" ಎಂದರು. ನಂತರ ಅವರು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನು ಇನ್ನೂ ಪ್ರೈಮರಿಯಲ್ಲಿದ್ದಾಗ ಅಪ್ಪ ಅಮ್ಮ ಮೈಸೂರಿನಲ್ಲಿ ಒಂದು ಸೈಟು ಕೊಳ್ಳಬೇಕೆಂದು ಮಾಡಿದ್ದರಂತೆ. ಊರು ಬೆಳೆಯುತ್ತಿದ್ದ ಕಡೆ, ಆಗಿನ್ನೂ ಹುಲ್ಲು ಬೆಳೆದ ಬಯಲು. ಅದಕ್ಕೆಂದೇ ಸಂಬಳದಲ್ಲಿ ಪ್ರತಿ ತಿಂಗಳೂ ಬ್ಯಾಂಕಿಗೆ ಕಟ್ಟುತ್ತಿದ್ದರು. ಸಂಜೆ ವಾಕಿಂಗಿಗೆ ಹೋದಾಗ ಅಮ್ಮ ಆ ಬಯಲಿನಲ್ಲಿ ನಿಂತು ಬಾಗಿಲು ಎಲ್ಲಿ, ಒಗೆಯುವ ಕಲ್ಲು ಎಲ್ಲಿ, ಕರಿಬೇವಿನ ಗಿಡ ಎಲ್ಲಿ ಎಂದು ನಿರ್ಧರಿಸಿಬಿಟ್ಟಿದ್ದಳಂತೆ. ಒಗೆಯುವ ಕಲ್ಲಿನ ಜಾಗದ ಬಗ್ಗೆ ಇಬ್ಬರಿಗೂ ಒಮ್ಮೆ ಜಗಳವೂ ಆಗಿತ್ತು. ಒಂದು ಕಂತೂ ತಪ್ಪಲಿಲ್ಲ. ಹಬ್ಬಕ್ಕೆ ಬಟ್ಟೆ ತರದೆ ಕಟ್ಟಿದ ವರ್ಷವೂ ಇತ್ತು. ಆದರೆ ಗಡುವು ಮುಗಿದು ಹಣ ಕೈಗೆ ಬಂದ ದಿನ ಅದೇ ಸೈಟಿನ ಬೆಲೆ ಎಷ್ಟೋ ಮುಂದೆ ಹೋಗಿಬಿಟ್ಟಿತ್ತು. ಬ್ಯಾಂಕು ಬಡ್ಡಿ ಸಮೇತ ಹೇಳಿದಷ್ಟನ್ನೂ ಕೊಟ್ಟಿತ್ತು, ಯಾರೂ ಮೋಸ ಮಾಡಿರಲಿಲ್ಲ. ಅಮ್ಮ ವಾಕಿಂಗಿಗೆ ಆ ದಿಕ್ಕಿಗೆ ಮತ್ತೆ ಹೋಗಲಿಲ್ಲವಂತೆ. ಆ ಹಣವನ್ನು ಇನ್ನೂ ಕೆಲವು ವರ್ಷ ಇಟ್ಟು, ಕೊನೆಗೆ ನನ್ನ ಮದುವೆಗೆ ತೆಗೆದರು.

ನನ್ನ ಮದುವೆ ಆಗಿ ಇಷ್ಟು ವರ್ಷವಾದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಛತ್ರ ದೊಡ್ಡದಾಯಿತು, ಇಷ್ಟು ಖರ್ಚು ಬೇಡವಿತ್ತು ಎಂದು ಆಗ ನಾನೇ ಅಂದಿದ್ದು ನೆನಪಾಯಿತು. ಮಗಳು ಫೋನನ್ನು ಮಗುಚಿ ಇಟ್ಟು ತಾತನನ್ನೇ ನೋಡುತ್ತಿದ್ದಳು.

ಕಾಫಿಯ ವಿಷಯ ಅಲ್ಲಿಂದ ಬಂತು. ಹೋಟೆಲಿನ ಗೋಡೆಯ ಮೇಲೆ ದರಪಟ್ಟಿಯ ಬೋರ್ಡು ಇದೆ. ಬೆಲೆ ಏರಿದಾಗ ಹೊಸ ಬೋರ್ಡು ಬರೆಸುವುದಿಲ್ಲ, ಹಳೆಯ ಅಂಕಿಯ ಮೇಲೆ ಒಂದು ಬಿಳಿ ಸ್ಟಿಕ್ಕರ್ ಅಂಟಿಸುತ್ತಾರೆ. ಅಪ್ಪ ಕೊನೆಯ ಸಲ ಹೋದ ದಿನ ಕಾಫಿಯ ಮುಂದೆ ಹೊಸ ಸ್ಟಿಕ್ಕರ್ ಇತ್ತು. ಅಪ್ಪ ಅದನ್ನೇ ನೋಡುತ್ತಾ ಕೂತಿದ್ದಾಗ ಗಾರ್ಡ್ ಅದನ್ನು ಗಮನಿಸಿ, ಏಳುವಾಗ ಅಪ್ಪನನ್ನು ತಡೆದು ಇಬ್ಬರ ಕಾಫಿಯ ದುಡ್ಡನ್ನೂ ತಾವೇ ಕೊಟ್ಟರಂತೆ.

"ನನ್ನ ಹತ್ರ ಇಲ್ಲ ಅಂದುಕೊಂಡ್ರು ಕಣಮ್ಮ. ಪೆನ್ಷನ್ ಬರುತ್ತೆ, ತುಟ್ಟಿಭತ್ಯೆನೂ ಏರುತ್ತೆ, ಕಾಫಿಗೇನು ಕಷ್ಟ ಇಲ್ಲ. ಆದ್ರೆ ಆ ಸ್ಟಿಕ್ಕರ್ ನೋಡಿದಾಗ ಆ ಸೈಟೇ ಕಣ್ಣ ಮುಂದೆ ಬಂತು. ಅದನ್ನ ಅವರಿಗೆ ಯಾವ ಭಾಷೇಲಿ ಹೇಳಲಿ?"

ಅಪ್ಪನ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಸಂಜೆಗೆ ಅಕ್ಕಿ ತೊಳೆಯಲು ಎದ್ದೆ.

ಆ ವಾರವೇ ಹೋಟೆಲಿನ ಮಾಲೀಕರು ನಮ್ಮ ಮನೆಗೆ ಬಂದರು. ದಾರಿಯಲ್ಲಿ ನಿಲ್ಲಿಸಿದ ದಿನ ನಾನು ಬಿಲ್ಡಿಂಗಿನ ನಂಬರು ಹೇಳಿದ್ದೆ ಅಷ್ಟೆ, ಬನ್ನಿ ಎಂದು ಕರೆದಿರಲಿಲ್ಲ. ಅವರು ಬಂದ ದಿನ ಆಫೀಸಿಗೆ ರಜೆ, ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನದ ಗಿರಾಕಿಗಳು ಕಡಿಮೆಯಾಗುವ ಹೊತ್ತು ನೋಡಿಕೊಂಡು, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ಕೈಯಲ್ಲೊಂದು ಪೊಟ್ಟಣದ ತುಂಬ ಗೋಳಿಬಜೆ ಹಿಡಿದು ಬಂದರು. ಸೋಫಾದ ತುದಿಯಲ್ಲಿ ಕೂತು, ಬೇರೆ ಸುತ್ತುಬಳಸಿನ ಮಾತಿಲ್ಲದೆ ಕೇಳಿದರು.

"ಮಾಸ್ಟ್ರೇ, ರೇಟ್ ಏರ್ಸಿದ್ದಕ್ಕೆ ನಿಮಗೆ ನನ್ ಮೇಲೆ ಸಿಟ್ಟು ಉಂಟಾ?"

ಅಪ್ಪ ಇಲ್ಲವೆಂದರು. ಹಾಗಾದರೆ ನಿಮಗೆ ಹಳೆಯ ದರಕ್ಕೇ ಕೊಡುತ್ತೇನೆ, ಬನ್ನಿ, ಯಾರಿಗೂ ಹೇಳುವುದು ಬೇಡ ಎಂದರು ಮಾಲೀಕರು. ಅಪ್ಪನ ಮುಖ ಬಿಗಿಯಿತು. ಎಲ್ಲರಿಗೂ ಒಂದು ದರ, ನನಗೊಂದು ದರ ಎಂದರೆ ಅದು ಕಾಫಿ ಕುಡಿದಂತಲ್ಲ, ದಾನ ತೆಗೆದುಕೊಂಡಂತೆ ಎಂದರು. ನಾನು ಕಾಫಿ ತಂದಿಟ್ಟೆ. ಮಾಲೀಕರು ಒಂದು ಗುಟುಕು ಕುಡಿದು, ಪೌಡರು ಎಲ್ಲಿಯದು ಅಕ್ಕ ಎಂದು ವಿಚಾರಿಸಿದರು. ಅಭ್ಯಾಸಬಲ. ಅದರಿಂದ ಬಿಗುವು ಸ್ವಲ್ಪ ಸಡಿಲವಾಯಿತು.

ಆಮೇಲೆ ಅವರು ತಮ್ಮ ಕಡೆಯದನ್ನು ಹೇಳಿಕೊಂಡರು. ಹಾಲು, ಗ್ಯಾಸು, ಕೆಲಸದವರ ಸಂಬಳ ಎಲ್ಲವೂ ಏರಿದ್ದರೂ ತುಂಬ ದಿನ ತಡೆದೇ ಇದ್ದರಂತೆ. ತೆಂಗಿನಕಾಯಿಯ ಕ್ರಯ ಕೇಳಿದರೆ ಚಟ್ನಿ ರುಬ್ಬಲು ಕೈ ಬರುವುದಿಲ್ಲ ಎಂದರು. ಅವರ ಕಡೆ ಬೆಲೆಗೆ ಕ್ರಯ ಎನ್ನುತ್ತಾರೆ. ಬೇರೆ ಹೋಟೆಲಿನವರು ಒಂದು ಉಪಾಯ ಹೇಳಿದ್ದರಂತೆ: ದರ ಹಾಗೇ ಇರಲಿ, ಲೋಟ ಬದಲಿಸು, ತಳ ದಪ್ಪ ಇರುವ ಲೋಟ ತಾ, ಯಾರಿಗೂ ತಿಳಿಯುವುದಿಲ್ಲ.

"ನಾನು ಒಪ್ಲಿಲ್ಲ ಮಾಸ್ಟ್ರೇ. ರೇಟ್ ಏರ್ಸುದು ಎದುರಿಗೆ ಹೇಳಿ ಮಾಡುದು. ಲೋಟ ಸಣ್ಣ ಮಾಡುದು ಹಿಂದಿನಿಂದ ಮಾಡುದು. ಬೈಗಳು ತಿಂದ್ರೂ ಅಡ್ಡಿಲ್ಲ, ಎದುರಿಗೇ ತಿನ್ನುವ ಅಂತ ಹೇಳಿ ಸ್ಟಿಕ್ಕರ್ ಹಾಕಿದ್ದು."

ಈ ಮಾತು ಅಪ್ಪನಿಗೆ ಹಿಡಿಸಿತೆಂದು ಅವರು ಕೂತ ಭಂಗಿಯಲ್ಲೇ ಗೊತ್ತಾಯಿತು. ಅವರು ಭಾನುವಾರದ ಪದದ ಚರ್ಚೆಯನ್ನು ತೆಗೆದರು. ಹಣದುಬ್ಬರ ಎಂಬುದು ಸರಿಯಾದ ಹೆಸರಲ್ಲ, ಹೊಟ್ಟೆ ಉಬ್ಬರದ ನೆನಪಾಗುತ್ತದೆ ಎಂದರು. ಮಾಲೀಕರು ಒಪ್ಪಲಿಲ್ಲ. ನಮ್ಮಲ್ಲಿ ಉಬ್ಬರ ಎಂದರೆ ಹೊಟ್ಟೆಯಲ್ಲ, ಕಡಲು ಎಂದರು. ಅವರ ಮನೆ ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ. ಉಬ್ಬರದ ಹೊತ್ತಿಗೆ ನೀರು ಹೊಳೆಯ ಒಳಗೆ ತುಂಬಿಕೊಂಡು ಬರುತ್ತದೆ; ದೋಣಿಯವರು ಅದಕ್ಕೇ ಕಾಯುತ್ತಿರುತ್ತಾರೆ, ಒಳಗೆ ಬರಲು ಸುಲಭ. ಅವರಿಗೆ ಅದು ಒಳ್ಳೆಯ ಪದವೇ.

"ಆದ್ರೆ ಅದಕ್ಕೆ ಇಳಿತ ಉಂಟಲ್ಲ ಮಾರಾಯ್ರೇ. ದಿನಕ್ಕೆರಡು ಸಲ ಏರಿದ್ದು ಇಳಿತದೆ. ನನ್ನ ಬೋರ್ಡಿನಲ್ಲಿ ಏರಿದ್ದು ಒಂದಾದ್ರೂ ಇಳಿದದ್ದು ನಾನು ಕಾಣ್ಲಿಲ್ಲ."

ಅಪ್ಪ ನಕ್ಕರು. ಅವರು ನಕ್ಕು ತುಂಬ ದಿನವಾಗಿತ್ತು.

ಹೊರಡಲು ಎದ್ದಾಗ ಮಾಲೀಕರು ಇನ್ನೊಂದು ವಿಷಯ ಹೇಳಿದರು. ಗಾರ್ಡ್ ಕೂಡ ಹೋಟೆಲಿಗೆ ಬರುತ್ತಿಲ್ಲ. ಮೊದಲ ನಾಲ್ಕು ದಿನ ಬಂದು ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಆಮೇಲೆ, ದುಡ್ಡು ಕೊಟ್ಟು ತಪ್ಪು ಮಾಡಿದೆ, ಗುರುಜಿಗೆ ಅವಮಾನವಾಯಿತು ಎಂದು ಹೇಳಿ ಹೋದವರು ಮತ್ತೆ ಬರಲಿಲ್ಲ. ಈ ಮಾತು ಕೇಳಿ ಅಪ್ಪ ಎದ್ದು ನಿಂತೇಬಿಟ್ಟರು. ಅವರ ಮನೆ ಎಲ್ಲಿ ಎಂದು ಎರಡೆರಡು ಸಲ ಕೇಳಿಕೊಂಡರು.

ಶನಿವಾರ ಬೆಳಿಗ್ಗೆ ನಾನೂ ಅಪ್ಪನೂ ಆ ಚಾಳಿಗೆ ಹೋದೆವು. ನಾನು ಹೋದದ್ದು ದುಭಾಷಿಯಾಗಿ. ಉದ್ದನೆಯ ಪಡಸಾಲೆ, ಬಾಗಿಲ ಮುಂದೆಲ್ಲ ನೀರಿನ ಡ್ರಮ್ಮು, ತುಳಸಿ ಡಬ್ಬಿ. ಮೂಲೆಯ ಕೋಣೆಯ ಹೊರಗೆ ಗಾರ್ಡ್ ಮಡಚುವ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತೆಳ್ಳಗೆ ಉದ್ದವಾಗಿದ್ದರು. ಅಪ್ಪನನ್ನು ಕಂಡದ್ದೇ ತಟ್ಟೆಯನ್ನು ನೆಲಕ್ಕಿಟ್ಟು ಎದ್ದು ನಿಂತರು.

"ಯಾ ಯಾ, ಗುರುಜಿ," ಎಂದರು. ಬನ್ನಿ ಎಂದು.

ಅಪ್ಪ ನನ್ನ ಕಡೆ ತಿರುಗಿ, ಇವರಿಗೆ ಎಲ್ಲವನ್ನೂ ಹೇಳು ಎಂದರು. ಎಲ್ಲವನ್ನೂ ಎಂದರೆ ಎಷ್ಟು ಎಂದು ಕೇಳಿದೆ. ಸೈಟಿನ ವಿಷಯವನ್ನೂ ಹೇಳು ಎಂದರು. ಹಾಗೆ ನಾನು ಮಲಾಡಿನ ಒಂದು ಚಾಳಿನ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಮೈಸೂರಿನ ಹುಲ್ಲಿನ ಬಯಲಿನಲ್ಲಿ ನನ್ನ ಅಮ್ಮ ಒಗೆಯುವ ಕಲ್ಲಿಗೆ ಜಾಗ ಹುಡುಕಿದ್ದನ್ನು ಮರಾಠಿಯಲ್ಲಿ ಹೇಳಿದೆ. ಅಪ್ಪ ನನ್ನ ಬಾಯನ್ನೇ ನೋಡುತ್ತಾ, ಎಲ್ಲಿಗೆ ಬಂದಿದ್ದೇನೆ ಎಂದು ಅಂದಾಜು ಮಾಡುತ್ತಾ ತಲೆಯಾಡಿಸುತ್ತಿದ್ದರು.

ಗಾರ್ಡ್ ಪೂರ್ತಿ ಕೇಳಿದರು. ಆಮೇಲೆ ತಮ್ಮದನ್ನು ಹೇಳಿದರು, ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರಿಗೂ ಹೀಗೇ ಆಗಿತ್ತು. ನಿವೃತ್ತಿಯ ಹಣದಲ್ಲಿ ವಿರಾರಿನ ಕಡೆ ಒಂದು ಸಣ್ಣ ಫ್ಲ್ಯಾಟು ಎಂದುಕೊಂಡಿದ್ದರು. ಹೆಂಡತಿಯ ಕಾಯಿಲೆಯಲ್ಲಿ ಎರಡು ವರ್ಷ ತಡವಾಯಿತು, ಹೆಂಡತಿಯೂ ಉಳಿಯಲಿಲ್ಲ, ಅಷ್ಟು ಹೊತ್ತಿಗೆ ಫ್ಲ್ಯಾಟು ಕೈಗೆ ಎಟುಕದಷ್ಟು ದೂರ ಹೋಗಿತ್ತು. ಅವರು ಆ ದಿನ ದುಡ್ಡು ಕೊಟ್ಟದ್ದು ಅಪ್ಪನ ಹತ್ತಿರ ಇಲ್ಲವೆಂದಲ್ಲ. ಬೋರ್ಡು ನೋಡುವಾಗ ಅಪ್ಪನ ಮುಖ ತಮ್ಮ ಮುಖದ ಹಾಗೇ ಕಂಡಿತು, ಏನಾದರೂ ಮಾಡಬೇಕೆನ್ನಿಸಿತು, ಅಷ್ಟೇ.

ಹಣದುಬ್ಬರಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆ ಎಂದು ಅಪ್ಪ ನನ್ನಿಂದ ಕೇಳಿಸಿದರು. ಪೇಪರಿನಲ್ಲಿ ಚಲನವಾಢ ಎಂದು ಬರೆಯುತ್ತಾರೆ, ಚಲನ ಅಂದರೆ ಚಲಾವಣೆಯ ಹಣ, ವಾಢ ಅಂದರೆ ಹೆಚ್ಚುವುದು ಎಂದರು ಗಾರ್ಡ್. ಆದರೆ ಬಾಯಲ್ಲಿ ಯಾರೂ ಹಾಗೆನ್ನುವುದಿಲ್ಲ, ಮಹಾಗಾಯಿ ಎನ್ನುತ್ತಾರೆ. ಅಪ್ಪ ಎರಡನ್ನೂ ಮೆಲ್ಲಗೆ ಉಚ್ಚರಿಸಿ ನೋಡಿದರು. ಮಹಾಗಾಯಿ ಮತ್ತು ನಮ್ಮ ತುಟ್ಟಿ ಒಂದೇ ಜಾತಿಯ ಪದಗಳು, ಕೊಳ್ಳುವವನ ಬಾಯಿಂದ ಬಂದವು; ಹಣದುಬ್ಬರ, ಚಲನವಾಢ ಎರಡೂ ದೂರದಿಂದ ನೋಡುವವನು ಮಾಡಿದವು ಎಂದರು. ಇದನ್ನು ಮರಾಠಿಗೆ ತರುವುದು ನನಗೆ ಕಷ್ಟವಾಯಿತು. ಗಾರ್ಡ್ ಅರ್ಥವಾಯಿತು ಎಂಬಂತೆ ಕೈಯೆತ್ತಿ, ಕಾಫಿಗೆ ಹೋಗೋಣವೇ ಎಂದರು.

ಮೂವರೂ ನಡೆದು ಹೋಟೆಲಿಗೆ ಹೋದೆವು. ಅಪ್ಪ ಗಾರ್ಡ್ ಅವರ ಕೈಯನ್ನು ಜೇಬಿನ ಹತ್ತಿರವೇ ಹಿಡಿದುಕೊಂಡು, ಗಲ್ಲಾದ ಕಡೆ ನೋಡಿ, "ಸ್ವಾಮಿ, ಒಂದು ಬೈಟು ಕೊಡಿ. ಮಗಳಿಗೆ ಒಂದು ಪೂರ್ತಿ" ಎಂದರು. ಬೈಟು ಎಂದರೆ ಮೈಸೂರು, ಬೆಂಗಳೂರಿನ ಹೋಟೆಲುಗಳಲ್ಲಿ ಒಂದು ಕಾಫಿಯನ್ನು ಇಬ್ಬರಿಗೆ ಎರಡು ಲೋಟದಲ್ಲಿ ಹಂಚಿ ಕೊಡುವುದು. ನಾನು ಮರಾಠಿಯಲ್ಲಿ ಹೇಳಿದಾಗ ಗಾರ್ಡ್, ಅಂದರೆ ಕಟಿಂಗ್, ಇಲ್ಲಿನ ಅರ್ಧ ಲೋಟದ ಚಹಾದ ಹಾಗೆ, ಎಂದರು. ಅಲ್ಲ, ಕಟಿಂಗ್ ಒಬ್ಬನಿಗೂ ಕೊಡುತ್ತಾರೆ, ಬೈಟುಗೆ ಇಬ್ಬರು ಬೇಕೇ ಬೇಕು ಎಂದು ಅಪ್ಪ ತಿದ್ದಿದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಒಂದು ದಿನ ಅಪ್ಪ ಕೊಡುವುದು, ಒಂದು ದಿನ ಗಾರ್ಡ್. ಅರ್ಧ ಕಾಫಿಯನ್ನು ಇಡೀ ಕಾಫಿಗಿಂತ ಹೆಚ್ಚು ಹೊತ್ತು ಕುಡಿಯುತ್ತಾರೆ, ನನ್ನ ಟೇಬಲ್ಲಿನ ಗತಿ ಎಂತ ಎಂದು ಮಾಲೀಕರು ನನ್ನೊಡನೆ ದೂರುತ್ತಿದ್ದರು. ಆದರೆ ಮಧ್ಯೆ ಒಮ್ಮೊಮ್ಮೆ ತಾವೂ ಹೋಗಿ ಅಲ್ಲೇ ಕೂರುತ್ತಿದ್ದರು ಎಂದು ಅಪ್ಪನ ವರದಿಯಿಂದ ತಿಳಿಯುತ್ತಿತ್ತು.

ಮರುವರ್ಷ ಮತ್ತೆ ದರ ಏರಿಸಬೇಕಾಗಿ ಬಂತು. ಈ ಸಲ ಮಾಲೀಕರು ಸುಮ್ಮನೆ ಸ್ಟಿಕ್ಕರ್ ಅಂಟಿಸಲಿಲ್ಲ. ಹದಿನೈದು ದಿನ ಮೊದಲೇ ಅಪ್ಪನ ಹತ್ತಿರ ಬಂದು, ಗೋಡೆಗೆ ಹಾಕಲು ಎರಡು ಸಾಲು ಬರೆದುಕೊಡಬೇಕು ಎಂದರು. ಇನ್‌ಫ್ಲೇಶನ್ ಎಂಬ ಪದ ಇರಲೇಬೇಕು, ಅದಿದ್ದರೆ ತಪ್ಪು ತನ್ನದಲ್ಲ, ದೊಡ್ಡವರದು ಎಂದಾಗುತ್ತದೆ ಎಂಬುದು ಅವರ ಆಸೆ. ಅಪ್ಪ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಒಂದು ಇಡೀ ಸಂಜೆ ಕೂತರು. ಇನ್‌ಫ್ಲೇಶನ್ ಅವರಿಗೆ ಬೇಡ. ಹಣದುಬ್ಬರ ಎಂದು ಬರೆದರೆ, ಊಟದ ಜಾಗದಲ್ಲಿ ಉಬ್ಬರ ಎಂಬ ಪದ ನೋಡಿ ಜನ ಇಡ್ಲಿಯ ಮೇಲೆ ಸಂಶಯ ಪಡುತ್ತಾರೆ. ಬೆಲೆಯೇರಿಕೆ ಎಂದರೆ ಮೆರವಣಿಗೆಯ ಘೋಷಣೆಯ ಹಾಗಿರುತ್ತದೆ. ಮಗಳು ಪಕ್ಕದಲ್ಲಿ ಕೂತು ಒಂದೊಂದು ಪದಕ್ಕೂ ಮಾರ್ಕು ಕೊಡುತ್ತಿದ್ದಳು.

ಕೊನೆಗೆ ಬರೆದದ್ದು ಇಷ್ಟು: "ಹಾಲು, ತೆಂಗಿನಕಾಯಿ, ಗ್ಯಾಸು ತುಟ್ಟಿಯಾಗಿವೆ. ಬರುವ ಒಂದನೇ ತಾರೀಖಿನಿಂದ ನಮ್ಮ ದರವೂ ಸ್ವಲ್ಪ ಏರುತ್ತದೆ. ಲೋಟ ಮೊದಲಿನಷ್ಟೇ ಇರುತ್ತದೆ." ಅದರ ಕೆಳಗೆ ಗಾರ್ಡ್ ಮರಾಠಿಯಲ್ಲಿ ಬರೆದರು, ಹಿಂದಿಯಲ್ಲಿ ನನ್ನ ಮಗಳು ಬರೆದಳು. ಲೋಟದ ಸಾಲನ್ನು ಮಾಲೀಕರು ಎರಡು ಸಲ ಓದಿದರಂತೆ. ಇನ್‌ಫ್ಲೇಶನ್ ಬೇಕೆಂದು ಮತ್ತೆ ಕೇಳಲಿಲ್ಲ.

ದರ ಏರಿದ ಮೇಲೆ ಕೆಲವರು ಗೊಣಗಿದರು, ಹೆಚ್ಚಿನವರು ಬರುತ್ತಲೇ ಇದ್ದರು. ಕೈತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲಿಗೆ ದಿನಾ ಬಂದು ಉಪ್ಪಿಟ್ಟು ತಿಂದು ಹೋಗುತ್ತಿದ್ದ ಒಬ್ಬ ವಯಸ್ಸಾದ ಟೈಲರು ಮಾತ್ರ ಕಾಣೆಯಾದರು. ಇದು ಇರುವುದೇ, ಪ್ರತಿ ಸಲವೂ ಒಬ್ಬಿಬ್ಬರು ಹೋಗುತ್ತಾರೆ, ಕೆಲವರು ತಿಂಗಳಾದ ಮೇಲೆ ಬರುತ್ತಾರೆ ಎಂದರು ಮಾಲೀಕರು. ಅಪ್ಪನಿಗೆ ಸಮಾಧಾನವಾಗಲಿಲ್ಲ. ಆ ಟೈಲರ ಅಂಗಡಿ ಯಾವ ಗಲ್ಲಿಯಲ್ಲಿ ಎಂದು ಗಿರಾಕಿಗಳನ್ನೆಲ್ಲ ವಿಚಾರಿಸಿದರು. ಮಾರ್ಕೆಟ್ಟಿನ ಹಿಂದೆ ಎಲ್ಲೋ ಎಂದು ಯಾರೋ ಹೇಳಿದರು. ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಅಪ್ಪ ಆಗಲೇ ಶರಟು ಹಾಕಿಕೊಂಡು ನಿಂತಿದ್ದರು. ಗಾರ್ಡ್ ಕೆಳಗೆ ಗೇಟಿನಲ್ಲಿ ಕಾಯುತ್ತಿದ್ದಾರೆ, ಇಬ್ಬರೂ ಮಾರ್ಕೆಟ್ಟಿನ ಕಡೆ ಹೋಗಿ ಬರುತ್ತೇವೆ ಎಂದರು. ನಾನೂ ಅವರೊಡನೆಯೇ ಲಿಫ್ಟಿನಲ್ಲಿ ಇಳಿದೆ. ಗೇಟು ದಾಟಿದ ಮೇಲೆ ನಾನು ಸ್ಟೇಷನ್ನಿನ ಕಡೆ ತಿರುಗಿದೆ, ಅವರಿಬ್ಬರೂ ಇನ್ನೊಂದು ಕಡೆ.